ಹಕ್ಕು ಯಾರ ಮ್ಯಾಲ?

ಒಬ್ಬರು ಸೇಡಂನ ನಿವೃತ್ತ ಹೈಸ್ಕೂಲ್ ಮಾಸ್ತರು, ಇತಿಹಾಸ ಕಲಿಸಿದವರು. ಇನ್ನೊಬ್ಬಳು ಅವರ ಹಳೆಯ ವಿದ್ಯಾರ್ಥಿನಿ. ಚಿಂಚೋಳಿ ಕಡೆಯ ತಾಂಡಾದವಳು, ಈಗ ವಕೀಲಿಕಿ ಮಾಡುತ್ತಾಳೆ. ಡಿಸೆಂಬರ್ 10ರ ಮಾನವ ಹಕ್ಕುಗಳ ದಿನಕ್ಕೆ ಕಾಲೇಜೊಂದರಲ್ಲಿ ಮಾತಾಡಲು ಒಪ್ಪಿಕೊಂಡು, ಏನು ಹೇಳಲಿ ಎಂದು ಕೇಳಲು ಬಂದಿದ್ದಾಳೆ.

ವಕೀಲೆ: ಸರ್, ಪ್ರತಿ ವರ್ಷದ ಭಾಷಣ ಬಾಯಿಪಾಠ ಆಗ್ಯದ. 1215ರ ಮ್ಯಾಗ್ನಾ ಕಾರ್ಟಾ, 1789ರ ಫ್ರಾನ್ಸ್, 1948ರ ಪ್ಯಾರಿಸ್. ಹುಡುಗರು ಚಪ್ಪಾಳಿ ಹೊಡೀತಾರ, ಮನಿಗೆ ಹೋಗ್ತಾರ. ಈ ಸಲ ಹಂಗ ಆಗಬಾರದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿನ ಹುಡುಗರಿಗೆ ಇದು ನಮ್ಮದೇ ಮಾತು ಅನಸಬೇಕು. ಮಳಖೇಡದಿಂದ ಶುರು ಮಾಡ್ಲೇನು?

ಮಾಸ್ತರು: ಮಳಖೇಡ ದೊಡ್ಡದೇ ತಂಗಿ. ರಾಷ್ಟ್ರಕೂಟರ ರಾಜಧಾನಿ, ಒಂಬತ್ತನೇ ಶತಮಾನದ 'ಕವಿರಾಜಮಾರ್ಗ'. ಇನ್ನೊಬ್ಬರ ವಿಚಾರ, ಇನ್ನೊಬ್ಬರ ಧರ್ಮ ತಾಳಿಕೊಳ್ಳೋದು ಎಷ್ಟು ದೊಡ್ಡದು ಅಂತ ಅದರಾಗ ಹೇಳ್ಯಾರ. ಆದರ ಎಲ್ಲಾರೂ ಅಲ್ಲಿಂದ ಶುರು ಮಾಡ್ತಾರ, ಅಲ್ಲೇ ನಿಂತುಬಿಡ್ತಾರ. ನೀ ಇನ್ನೂ ಸಾವಿರ ವರ್ಷ ಹಿಂದಕ ಹೋಗು. ಭೀಮಾ ದಂಡಿಗೆ, ಸನ್ನತಿಗೆ.

ವಕೀಲೆ: ಚಂದ್ರಲಾಂಬಾ ಗುಡಿಗೆ ಹೋಗೀನ್ರಿ.

ಮಾಸ್ತರು: ಗುಡಿಗೆ ಎಲ್ಲಾರೂ ಹೋಗ್ತಾರ. 1986ರಾಗ ಅದೇ ಆವರಣದ ಕಾಳಿ ಗುಡಿ ಚಾವಣಿ ಕುಸಿದು ಮೂರ್ತಿ ಒಡೀತು. ಮೂರ್ತಿ ಕೂಡಿಸಿದ್ದ ಕಲ್ಲು ಹೊರಳಿಸಿ ನೋಡಿದರ ಎರಡೂ ಮಗ್ಗಲಿಗೆ ಬ್ರಾಹ್ಮಿ ಅಕ್ಷರ. ಅಶೋಕನ ಶಾಸನ! ಒಂದು ಕಡೆ ಹನ್ನೆರಡನೇ, ಹದಿನಾಲ್ಕನೇ ಶಿಲಾಶಾಸನ. ಇನ್ನೊಂದು ಕಡೆ 'ಪ್ರತ್ಯೇಕ ಶಾಸನ' ಅಂತಾರಲ್ಲ, ಆ ಎರಡು. ಅವು ಅಲ್ಲಿತನಕ ಒಡಿಶಾದ ಧೌಲಿ, ಜೌಗಡ ಬಿಟ್ಟು ಎಲ್ಲೂ ಸಿಕ್ಕಿರಲಿಲ್ಲ. ಕಳಿಂಗ ಯುದ್ಧದ ನೆಲಕ್ಕ ಬರೆಸಿದ ಮಾತು ನಮ್ಮ ಚಿತ್ತಾಪುರ ತಾಲೂಕಿಗೆ ಯಾಕ ಬಂತು ಅಂತ ವಿದ್ವಾಂಸರು ವಾದ ಮಾಡ್ತಾನೇ ಅದಾರ. ಮೂರ್ತಿ ಕೂಡಿಸೋರು ಕಲ್ಲಿನ ನಡುವ ತೂತು ಕೊರೆದು ಒಂದಷ್ಟು ಅಕ್ಷರ ಹೋಗ್ಯಾವ. ಅವರದೇನೂ ತಪ್ಪಿಲ್ಲ. ಆ ಲಿಪಿ ಓದೋರು ಆಗ ದೇಶದಾಗೇ ಉಳಿದಿರಲಿಲ್ಲ.

ವಕೀಲೆ: ಏನು ಬರೆಸ್ಯಾನ?

ಮಾಸ್ತರು: ಹನ್ನೆರಡನೇದು ನೀ ಮಳಖೇಡದಾಗ ಹುಡುಕಿದ್ದೇ. ತನ್ನ ಪಂಥ ಹೊಗಳಾಕ ಇನ್ನೊಬ್ಬರದು ತೆಗಳಿದರ ತನ್ನದಕ್ಕೇ ಕೇಡು, ಒಬ್ಬರ ಧರ್ಮ ಒಬ್ಬರು ಕೇಳ್ರಿ ಅಂತ. ಆದರ ವಕೀಲಳಾಗಿ ನೀ ಓದಬೇಕಾದ್ದು ಮೊದಲನೇ ಪ್ರತ್ಯೇಕ ಶಾಸನ. ನಮ್ಮ ಕಲ್ಲು ಒಡೆದದ, ಪೂರ್ತಿ ಪಾಠ ಧೌಲಿಯಾಗ ಸಿಗ್ತದ. ಅದು ಪ್ರಜೆಗಳಿಗೆ ಬರದದ್ದಲ್ಲ, ಅಧಿಕಾರಿಗಳಿಗೆ ಬರದದ್ದು. ಎಲ್ಲಾ ಮನುಷ್ಯರೂ ನನ್ನ ಮಕ್ಕಳಿದ್ದಂಗ ಅಂತಾನ. ಕಾರಣ ಇಲ್ಲದ ಮಂದಿ ಸೆರೆಮನಿ ಸೇರ್ತಾರ, ಹಿಂಸಾ ತಿಂತಾರ, ಹಂಗಾಗಬಾರದು ಅಂತಾನ. ಯಾಕ ಹಂಗಾಗ್ತದ ಅಂತ ಅಧಿಕಾರಿಗಳ ದೋಷ ಎಣಿಸಿ ಹೇಳ್ತಾನ: ಹೊಟ್ಟಿಕಿಚ್ಚು, ಸಿಟ್ಟು, ಕ್ರೌರ್ಯ, ಅವಸರ, ರೂಢಿ ಇಲ್ಲದಿರೋದು, ಆಲಸ್ಯ, ದಣಿವು. ದಣಿವನ್ನೂ ಬಿಟ್ಟಿಲ್ಲ ನೋಡು. ದಣಿದ ನೌಕರನ ಮುಂದ ನಿಂತ ಬಡವನ ಗತಿ ಏನಾಗ್ತದ ಅಂತ ಆ ಅರಸಗ ಗೊತ್ತಿತ್ತು. ಮತ್ತ, ತಿಷ್ಯ ನಕ್ಷತ್ರದ ದಿನ, ಅಂದರ ನಮ್ಮ ಪುಷ್ಯ, ಇದನ್ನ ಓದಿ ಕೇಳಿಸಬೇಕು. ಕೇಳೋನು ಒಬ್ಬನೇ ಇದ್ದರೂ ಕೇಳಿಸಬೇಕು. ಐದು ವರ್ಷಕ್ಕೊಮ್ಮೆ ಮೆತ್ತನ ಸ್ವಭಾವದ ಅಧಿಕಾರಿ ಒಬ್ಬನ್ನ ತಪಾಸಣಿಗೆ ಕಳಿಸ್ತೀನಿ ಅಂತಾನ.

ವಕೀಲೆ: ನಿಮ್ಮ ಕ್ಲಾಸಿನಾಗ ಅಶೋಕನ ಪಾಠಕ್ಕ ನಾನು ಕೈ ಎತ್ತಿರಲಿಲ್ಲ. ಈಗ ಎತ್ತತೀನ್ರಿ. ಅರಸ ತಂದಿ, ನಾವು ಮಕ್ಕಳು. ತಂದಿ ಮನಸು ಛಲೋ ಇದ್ದರ ಮಕ್ಕಳು ಪಾರು. ಇಲ್ಲಂದರ? ಸೆರೆಮನಿಯಾಗ ಬಿದ್ದವ ಆ ಕಲ್ಲು ತೋರಿಸಿ 'ನನ್ನ ಬಿಡ್ರಿ' ಅಂತ ಕೇಳಾಕ ಬರ್ತಿತ್ತೇನು? ಮರಣದಂಡನಿ ಆದವರಿಗೆ ಮೂರು ದಿನದ ಅವಧಿ ಕೊಟ್ಟ ಅಂತ ಅವನದೇ ಸ್ತಂಭಶಾಸನದಾಗ ಓದೀನಿ. ದಂಡನಿ ಮಾತ್ರ ತೆಗೀಲಿಲ್ಲ. ಅದು ದಯಾ, ಹಕ್ಕಲ್ಲ.

ಮಾಸ್ತರು: ಒಪ್ಪಿದೆ. ಹಂಗಾರ ಹಕ್ಕು ಅಂದರ ಏನು?

ವಕೀಲೆ: ಕೊಡೋನು ಬ್ಯಾಡ ಅಂದರೂ ತಪ್ಪದಂಗ ಸಿಗೋದು. ಅದನ್ನ ನೋಡಾಕ ನೀವು ದೂರ ಹೋಗೋದು ಬ್ಯಾಡ್ರಿ. ಶಹಾಬಾದ್ ಬಲ್ಲಿ ಮರತೂರು ಅದ. ಮೊದಲು ಅದೂ ಚಿತ್ತಾಪುರ ತಾಲೂಕಿನಾಗೇ ಇತ್ತು.

ಮಾಸ್ತರು: ವಿಜ್ಞಾನೇಶ್ವರನ ಊರು.

ವಕೀಲೆ: ಹೌದ್ರಿ. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಾಗ 'ಮಿತಾಕ್ಷರ' ಬರದಾತ. ಯಾಜ್ಞವಲ್ಕ್ಯ ಸ್ಮೃತಿಗೆ ಬರದ ಟೀಕೆ ಅದು. ಮುಂದ ಬಂಗಾಲ, ಅಸ್ಸಾಂ ಬಿಟ್ಟು ದೇಶದ ಬಾಕಿ ಎಲ್ಲಾ ಕಡಿ ಹಿಂದೂ ಕುಟುಂಬದ ಆಸ್ತಿ ಕಾನೂನು ಅದರ ಮ್ಯಾಲೇ ನಿಂತಿತು. 1810ರಾಗ ಕೋಲ್‌ಬ್ರೂಕ್ ಅದರ ದಾಯವಿಭಾಗದ ಪ್ರಕರಣ ಇಂಗ್ಲಿಷಿಗೆ ತಂದ, ಬ್ರಿಟಿಷ್ ಕೋರ್ಟುಗಳು ಅದನ್ನೇ ಹಿಡಿದವು. ಅದರ ಮುಖ್ಯ ಮಾತು ಏನ್ರಿ? ಹಿರಿಯರ ಆಸ್ತಿಯಾಗ ಮಗನ ಪಾಲು ತಂದಿ ಸತ್ತ ಮ್ಯಾಲ ಬರೋದಲ್ಲ, ಹುಟ್ಟಿದಾಗಲೇ ಬರ್ತದ. ತಂದಿ ತನ್ನ ಮನಸ್ಸಿಗೆ ಬಂದಂಗ ಹೊಲ ಮಾರಿದರ ಮಗ ಅಡ್ಡ ನಿಂದರಬಹುದು. ಇದು ತಂದಿ ಮ್ಯಾಲಿನ ಹಕ್ಕು ಸರ್. ಸನ್ನತಿಯಾಗ ತಂದಿ ಮಕ್ಕಳಿಗೆ ಅಭಯ ಕೊಡ್ತಾನ. ಮರತೂರಿನಾಗ ಮಗ ತಂದಿಯನ್ನ ಕೇಳ್ತಾನ.

ಮಾಸ್ತರು: ಇಷ್ಟು ವರ್ಷ ಪಾಠ ಮಾಡೀನಿ, ಇವೆರಡು ಊರು ಮಗ್ಗಲಕ ಮಗ್ಗಲ ಇಟ್ಟು ನೋಡೋದನ್ನ ನೀ ಇವತ್ತು ತೋರಿಸಿದಿ.

ವಕೀಲೆ: ಪೂರ್ತಿ ಕೇಳ್ರಿ. ಹುಟ್ಟಿನಿಂದ ಬಂದ ಹಕ್ಕು, ಆದರ ಗಂಡು ಹುಟ್ಟಿದರ ಮಾತ್ರ. ವಿಜ್ಞಾನೇಶ್ವರಗ ಹೆಣ್ಮಕ್ಕಳ ಮ್ಯಾಲ ಕರುಣಾ ಇರಲಿಲ್ಲ ಅನ್ನಂಗಿಲ್ಲ. ಸ್ತ್ರೀಧನ ಅಂದರ ಏನೇನು ಅನ್ನೋದನ್ನ ಆತ ಬೇರೆಯವರಿಗಿಂತ ಅಗಲ ಮಾಡ್ಯಾನ. ಗಂಡು ಮಕ್ಕಳಿಲ್ಲದ, ಪಾಲಾಗಿ ಬ್ಯಾರೆ ಇದ್ದವನ ಆಸ್ತಿಗೆ ಹೆಂಡತಿ ವಾರಸು ಅಂದಾನ. ಆದರ ಹುಟ್ಟಿನ ಹಕ್ಕಿನ ಬಾಗಿಲು ಮಗಳಿಗೆ ತೆರೀಲಿಲ್ಲ. ಅದು ತೆರೀಬೇಕಾದರ ಒಂಬತ್ತು ನೂರು ವರ್ಷ ಹಿಡೀತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆನೂ ಆ ಭಾಗ ಹಂಗೇ ಬಿಟ್ಟಿತ್ತು. 1994ರಾಗ ನಮ್ಮ ಕರ್ನಾಟಕ ತಿದ್ದುಪಡಿ ಮಾಡ್ತು, ಅದಕ್ಕ ಮೊದಲು ಲಗ್ನ ಆದವರನ್ನ ಹೊರಗ ಇಟ್ಟಿತು. 2005ರ ಸೆಪ್ಟೆಂಬರ್ 9ಕ್ಕ ಇಡೀ ದೇಶಕ್ಕ ಬಂತು. ತಂದಿ ಆ ದಿನ ಬದುಕಿರಬೇಕಾ ಬ್ಯಾಡಾ ಅನ್ನೋ ತಕರಾರು ಮುಗಿಸಿ, ಮಗಳ ಹಕ್ಕು ಹುಟ್ಟಿನಿಂದಲೇ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2020ರ ಆಗಸ್ಟ್ 11ಕ್ಕ, ವಿನೀತಾ ಶರ್ಮಾ ಕೇಸಿನಾಗ.

ಮಾಸ್ತರು: ಈಗಂತೂ ಬಂತಲ್ಲ.

ವಕೀಲೆ: ಪುಸ್ತಕದಾಗ ಬಂತ್ರಿ. ಉಪನೋಂದಣಿ ಕಚೇರಿ ಮುಂದ ಒಂದಿನ ಕೂಡ್ರಿ. ಟಂಟಂದಾಗ ಅಕ್ಕತಂಗೇರು ಬರ್ತಾರ, ಅಣ್ಣ ಕರಕೊಂಡು ಬಂದಿರ್ತಾನ. ಹೊಸ ಸೀರಿ, ಮಧ್ಯಾಹ್ನದ ಊಟ. ಹಕ್ಕು ಖುಲಾಸೆ ಪತ್ರದ ಮ್ಯಾಲ ಹೆಬ್ಬೆಟ್ಟು ಒತ್ತಿ ಹೋಗ್ತಾರ. 'ಯಾಕವ್ವ ಬರಕೊಟ್ಟಿ?' ಅಂತ ಕೇಳಿದರ ಒಂದೇ ಮಾತು: 'ಪಂಚಮಿಗೆ ಕರಿಯೋರು ಬೇಕಲ್ರಿ.' ತವರುಮನಿ ಬಾಗಿಲು ತೆರೆದಿರಲಿ ಅಂತ ಎಕರೆಗಟ್ಟಲೆ ತೊಗರಿ ಹೊಲ ಬಿಡ್ತಾರ. ಆ ಹೆಣ್ಮಕ್ಕಳು ದಡ್ಡರಲ್ಲ. ಗಂಡ ಬಡಿದು ಹೊರಗ ಹಾಕಿದರ ತಾನು ಹೋಗೋ ಮನಿ ಯಾವುದು ಅಂತ ಲೆಕ್ಕ ಹಾಕಿರ್ತಾರ. ಆ ಲೆಕ್ಕದಾಗ ಕಾನೂನಿಗಿಂತ ಅಣ್ಣ ದೊಡ್ಡವ.

ಮಾಸ್ತರು: ನಮ್ಮ ಮನಿಯಾಗೂ ಹಂಗೇ ಆಗ್ಯದ, ತಂಗಿ. ನಮ್ಮ ಅಕ್ಕಂದಿರು ಎಂದೂ ಕೇಳಲಿಲ್ಲ. ಕೇಳಬಹುದು ಅಂತ ಯಾರೂ ಅವರಿಗೆ ಹೇಳಲಿಲ್ಲ.

ವಕೀಲೆ: 1948ರ ಪ್ಯಾರಿಸ್ಸಿನ ಮಾನವ ಹಕ್ಕುಗಳ ಘೋಷಣೆಯ ಕರಡಿನಾಗೂ ಇದೇ ಬಾಗಿಲು ಮುಚ್ಚಿತ್ತು. ಎಲೀನರ್ ರೂಸ್‌ವೆಲ್ಟ್ ಅಧ್ಯಕ್ಷತಿಯ ಆಯೋಗದಾಗ ನಮ್ಮ ದೇಶದ ಹಂಸಾ ಮೆಹತಾ ಪಟ್ಟು ಹಿಡಿದು ಮೊದಲನೇ ವಾಕ್ಯದೊಳಗ ಹೆಂಗಸರಿಗೂ ಜಾಗಾ ಮಾಡಿಸಿದರು. ಅದೇ ಹೊತ್ತಿಗೆ ಅವರು ದಿಲ್ಲಿಯ ಸಂವಿಧಾನ ಸಭಾದಾಗೂ ಇದ್ದರು. ಇದನ್ನ ನಾನು ಹೇಳೇ ಹೇಳ್ತೀನಿ.

ಮಾಸ್ತರು: ಹೇಳು. ಆದರ 1948ರ ಪ್ಯಾರಿಸ್ ಅಂದಾಗ ನಮ್ಮ ಹುಡುಗರಿಗೆ ಇನ್ನೊಂದು ಹೇಳಬೇಕು. ಶಾಯೋ ಅರಮನಿ ಅಂತ ಅದ ಅಲ್ಲಿ. ಆ ವರ್ಷ ವಿಶ್ವಸಂಸ್ಥೆ ಸಭಾ ಅಲ್ಲೇ ನಡೆದವು. ಡಿಸೆಂಬರ್ 10ಕ್ಕ ಘೋಷಣೆ ಅಂಗೀಕಾರ ಆದದ್ದು ಅಲ್ಲೇ. ಪರ 48, ವಿರೋಧ ಒಂದೂ ಇಲ್ಲ, ತಟಸ್ಥ 8. ಸೋವಿಯತ್ ಬಣ, ಸೌದಿ ಅರೇಬಿಯಾ, ದಕ್ಷಿಣ ಆಫ್ರಿಕಾ ದೂರ ನಿಂತವು. ಈಗ ಕೇಳು. ಅದೇ ಅರಮನಿಯೊಳಗ, ಮೂರು ತಿಂಗಳು ಮೊದಲು, ಸೆಪ್ಟೆಂಬರ್ 16ಕ್ಕ, ಭದ್ರತಾ ಮಂಡಳಿ ಮುಂದ ನಮ್ಮ ಹೆಸರು ಬಂದಿತ್ತು.

ವಕೀಲೆ: ನಮ್ಮ ಹೆಸರು ಅಂದರ?

ಮಾಸ್ತರು: ಹೈದರಾಬಾದ್. ಸೇಡಂ, ಚಿಂಚೋಳಿ, ಚಿತ್ತಾಪುರ ಎಲ್ಲಾ ನಿಜಾಮನ ಮುಲ್ಕಿನಾಗ, ಗುಲ್ಬರ್ಗಾ ಜಿಲ್ಲಾದಾಗ ಇದ್ದವಲ್ಲ. ಭಾರತದ ಮ್ಯಾಲ ನಿಜಾಮ ಸರ್ಕಾರ ಆಗಸ್ಟಿನಾಗ ದೂರು ಕೊಟ್ಟಿತ್ತು. ಮೊಯಿನ್ ನವಾಜ್ ಜಂಗ್ ನಿಯೋಗದ ಮುಖಂಡ. ಭಾರತದ ಪರ ರಾಮಸ್ವಾಮಿ ಮುದಲಿಯಾರ್. ನಿಜಾಮನ ನಿಯೋಗದಾಗ ದಲಿತ ನಾಯಕ ಬಿ. ಶ್ಯಾಮಸುಂದರ್ ಅವರೂ ಇದ್ದರು. ಇಪ್ಪತ್ತು ವರ್ಷ ಆದ ಮ್ಯಾಲ, 1968ರಾಗ, ಅವರೇ ನಮ್ಮ ಗುಲ್ಬರ್ಗಾದಾಗ ಭೀಮಸೇನಾ ಕಟ್ಟಿದರು. ಪ್ಯಾರಿಸ್ಸಿನಾಗ ಮಾತು ನಡೆದ ಮರುದಿನ, ಸೆಪ್ಟೆಂಬರ್ 17ಕ್ಕ, ನಿಜಾಮ ಶರಣಾದ. ದೂರು ಅಲ್ಲಿಗೇ ತಣ್ಣಗಾಯ್ತು.

ವಕೀಲೆ: ಸೆಪ್ಟೆಂಬರ್ 17 ನಮಗ ಹಬ್ಬ. ಸಾಲಿಯಾಗ ಧ್ವಜ ಏರಿಸ್ತಿದ್ದಿವಿ.

ಮಾಸ್ತರು: ನಾನೇ ಏರಿಸ್ತಿದ್ದೆ. ಏರಿಸಬೇಕು. ರಜಾಕಾರರ ಕಾಲ ಕಂಡವರ ಮನಿಯಾಗ ನಾನು ಹುಟ್ಟೀನಿ. ರಜಾಕಾರರ ಮುಖಂಡ ಖಾಸಿಂ ರಜ್ವಿಯ ಮಂದಿ ಬರ್ತಾರ ಅಂತ ಊರ ಗಂಡಸರು ರಾತ್ರಿ ಕಾವಲು ಕೂಡತಿದ್ದರು. ಬೀದರ್ ಜಿಲ್ಲಾದ ಗೋರ್ಟಾದಾಗ ರಜಾಕಾರರು ಎಂಥ ಕೊಲೆ ಮಾಡಿದರು ಅನ್ನೋದು ಈ ಭಾಗದ ಮಕ್ಕಳಿಗೂ ಗೊತ್ತು. ಆದರ ನಮ್ಮವ್ವ ಎರಡೂ ಹೇಳ್ತಿದ್ದಳು ತಂಗಿ. ರಜಾಕಾರರಿಗೆ ಅಂಜಿ ತಾನು ನಡುಗಿದ್ದೂ ಹೇಳ್ತಿದ್ದಳು, ಭಾರತದ ಸೈನ್ಯ ಒಳಗ ಬಂದ 'ಪೊಲೀಸ್ ಕಾರ್ಯಾಚರಣೆ' ಆದ ಮ್ಯಾಲ ಓಣಿಯ ಮುಸಲ್ಮಾನರ ಮಕ್ಕಳನ್ನ ನಮ್ಮ ಹಗೇವಿನಾಗ ಇಳಿಸಿ ಮ್ಯಾಲ ಕಣಕಿ ಹಾಕಿದ್ದೂ ಹೇಳ್ತಿದ್ದಳು. ಎರಡನೇದನ್ನ ಹೇಳೋವಾಗ ದನಿ ತಗ್ಗಿಸ್ತಿದ್ದಳು.

ವಕೀಲೆ: ನಮ್ಮ ಪಠ್ಯದಾಗ ಅದಿರಲಿಲ್ಲ ಸರ್.

ಮಾಸ್ತರು: ಇರಲಿಲ್ಲ. ನಾನೂ ಪಠ್ಯ ದಾಟಿ ಹೇಳಲಿಲ್ಲ. ಪಂಡಿತ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಇದ್ದ ಸದ್ಭಾವನಾ ನಿಯೋಗ ಭಾರತ ಸರ್ಕಾರದ ಕೋರಿಕಿ ಮ್ಯಾಲೇ ಇಲ್ಲಿಗೆ ಬಂತು. 1948ರ ನವೆಂಬರ್ 29ಕ್ಕ ಹೈದರಾಬಾದ್ ಮುಟ್ಟಿದವರು ಡಿಸೆಂಬರ್ 21ಕ್ಕ ದಿಲ್ಲಿಗೆ ಮರಳಿದರು. ಅವರ ವರದಿ ಪ್ರಕಾರ ಕಾರ್ಯಾಚರಣೆ ಕಾಲಕ್ಕ ಮತ್ತ ಅದರ ನಂತರ ಸತ್ತವರು ಕಡಿಮಿ ಅಂದರೂ 27,000ದಿಂದ 40,000. ಭಾಳ ಕೆಟ್ಟದ್ದಾಗಿದ್ದು ನಾಲ್ಕು ಜಿಲ್ಲಾದಾಗ: ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಸತ್ತವರಾಗ ಹೆಚ್ಚಿನವರು ಮುಸಲ್ಮಾನರು. ಆ ವರದಿಯಾಗೇ ಮುಸಲ್ಮಾನರನ್ನ ಉಳಿಸಿದ ಹಿಂದೂಗಳ ಮಾತೂ ಅದ. ಅದನ್ನ ಸರ್ಕಾರ ದಶಕಗಟ್ಟಲೆ ಹೊರಗ ಬಿಡಲಿಲ್ಲ. ತಾರೀಖು ಜೋಡಿಸಿ ನೋಡು. ಪ್ಯಾರಿಸ್ಸಿನಾಗ ಎಲ್ಲರಿಗೂ ಬದುಕೋ ಹಕ್ಕು ಅದ ಅಂತ ಕೈ ಎತ್ತಿದ ದಿನ, ಆ ನಿಯೋಗ ಸತ್ತವರ ಲೆಕ್ಕ ಹಾಕ್ಕೋತ ಈ ಮುಲ್ಕಿನಾಗ ತಿರುಗಾಡ್ತಿತ್ತು.

ವಕೀಲೆ: ನವೆಂಬರ್ 29 ಅಂದಿರಲ್ಲ. ಅದೇ ದಿನ ದಿಲ್ಲಿಯಾಗ ಸಂವಿಧಾನ ಸಭಾ ಅಸ್ಪೃಶ್ಯತೆ ತೆಗೆದುಹಾಕೋ ವಿಧಿ ಅಂಗೀಕರಿಸ್ತು. ಕರಡಿನಾಗ ಅದು 11ನೇದು, ಈಗ 17ನೇದು. ಇದೊಂದು ತಾರೀಖಿನಿಂದ ನನಗ ಎದಿ ತುಂಬಿ ಬರ್ತದ್ರಿ, ಯಾಕಂದರ ಆ ಸಾಲು ಇರದಿದ್ದರ ನಾನು ಕೋರ್ಟ್ ಹಾಲಿನಾಗ ನಿಂದರತಿರಲಿಲ್ಲ.

ಮಾಸ್ತರು: ಹಂಗಾರ ಕಾಗದಕ್ಕ ಬಲ ಅದ ಅಂತಿ?

ವಕೀಲೆ: ಕೆಲವಕ್ಕ ಅದ. ಯಾಕ ಅದ ಅಂತ ಕೇಳ್ರಿ. 17ನೇ ವಿಧಿ ಬರೇ ಬೇಡಿಕೊಳ್ಳಲಿಲ್ಲ. ಅಸ್ಪೃಶ್ಯತೆ ಮಾಡಿದರ ಅಪರಾಧ, ಶಿಕ್ಷಾ ಅದ ಅಂತು. ಯಾರನ್ನ ಹಿಡೀಬೇಕು ಅನ್ನೋದು ಗೊತ್ತಾಯ್ತು. ಪ್ಯಾರಿಸ್ಸಿನ ಘೋಷಣೆ 30 ವಿಧಿ ಬರೀತು, ಆದರ ಒಂದಕ್ಕೂ ಹೊಣೆಗಾರನ ಹೆಸರು ಹಾಕಲಿಲ್ಲ. ದೇಶಗಳು ನೋಡ್ಕೋತಾವ ಅಂತ ಬಿಟ್ಟಿತು. ಅದಕ್ಕ ಒಪ್ಪಂದದ ಬಲ ಕೊಡಾಕ 1966ರ ಎರಡು ಒಡಂಬಡಿಕೆ ಬೇಕಾದವು. ಭಾರತ ಅವನ್ನ ಒಪ್ಪಿದ್ದು 1979ರಾಗ. ನಮ್ಮ 1993ರ ಮಾನವ ಹಕ್ಕುಗಳ ರಕ್ಷಣಾ ಕಾಯ್ದೆನೂ ಇಲ್ಲಿನ ಕೋರ್ಟ್ ಜಾರಿ ಮಾಡಬಲ್ಲ ಹಕ್ಕನ್ನ ಮಾತ್ರ ಮಾನವ ಹಕ್ಕು ಅಂತದ. ಆ ಕಾಯ್ದೆ ಹುಟ್ಟಿಸಿದ ಆಯೋಗಗಳು ಶಿಫಾರಸು ಮಾಡ್ತಾವ, ಆಜ್ಞೆ ಮಾಡಂಗಿಲ್ಲ.

ಮಾಸ್ತರು: ಜೀತದ ಮಾತೂ ಹಂಗೇ. ನಿಜಾಮನ ಕಾಲದಾಗೂ ಕಾಯ್ದೆ ಇತ್ತು. 'ಭಗೇಲಾ' ಅಂತಿದ್ದರು ಸಾಲಕ್ಕ ದುಡಿಯೋರಿಗೆ. ಆಗಲೇ ಭಗೇಲಾ ಕರಾರಿಗೆ ಕಟ್ಟುಪಾಡು ಹಾಕ್ಯಾರ. ಹಳ್ಳಿಯಾಗ ಯಾರಿಗೆ ಗೊತ್ತಿತ್ತು? ಗೌಡನ ಹೊಲದಾಗ ತಂದಿ ಆದ ಮ್ಯಾಲ ಮಗ.

ವಕೀಲೆ: 1976ರ ಜೀತ ನಿರ್ಮೂಲನಾ ಕಾಯ್ದೆ ಅದಕ್ಕಿಂತ ಯಾಕ ಒಂದು ಹೆಜ್ಜಿ ಮುಂದ ಅದ? ಜಿಲ್ಲಾ ಮ್ಯಾಜಿಸ್ಟ್ರೇಟ್ ಇದಕ್ಕ ಹೊಣೆ, ಜಿಲ್ಲಾಕ್ಕೊಂದು, ಉಪವಿಭಾಗಕ್ಕೊಂದು ಜಾಗೃತಿ ಸಮಿತಿ ಇರಬೇಕು ಅಂತ ಬರೀತು. ಸಮಿತಿ ಸಭಾ ಸೇರಲಿಲ್ಲ ಅಂದರ ಯಾಕ ಸೇರಲಿಲ್ಲ ಅಂತ ಕೇಳಾಕ ಒಂದು ಬಾಗಿಲು ಅದ. ಮಾಹಿತಿ ಹಕ್ಕಿನಾಗ ತಡ ಮಾಡಿದ ಅಧಿಕಾರಿಗೆ ದಿನಕ್ಕ 250 ರೂಪಾಯಿ ದಂಡ, 25,000ದ ತನಕ. ನಮ್ಮ ರಾಜ್ಯದ 2011ರ ಸಕಾಲ ಕಾಯ್ದೆ ಇನ್ನೂ ಸಣ್ಣದು: ಇಂಥ ಕೆಲಸಕ್ಕ ಇಷ್ಟು ದಿನ, ತಡ ಆದರ ದಿನಕ್ಕ 20 ರೂಪಾಯಿ, ಹೆಚ್ಚಂದರ 500, ಅರ್ಜಿದಾರನಿಗೆ ಕೊಡಬೇಕು. ಸಣ್ಣ ರೊಕ್ಕ. ಆದರ ಘೋಷಣೆಯ ಚರಿತ್ರಾದಾಗ ಇದು ಸಣ್ಣ ಮಾತಲ್ಲ ಅಂತ ನನ್ನ ನಂಬಿಕಿ. ಇಂಥ ಕುರ್ಚಿಯಾಗ ಕೂತ ಇಂಥವರು, ಇಷ್ಟು ದಿನದೊಳಗ ಅಂತ ಅದ.

ಮಾಸ್ತರು: ಅಶೋಕ ಅಧಿಕಾರಿಗಳ ಆಲಸ್ಯಕ್ಕ ಹೆಸರು ಕೊಟ್ಟ, ಸಕಾಲ ಅದಕ್ಕ ದರ ಹಚ್ಚಿತು ಅನ್ನು.

ವಕೀಲೆ: ಹೌದ್ರಿ, ಮತ್ತ ಕೇಳೋ ಅಧಿಕಾರ ಅರಸನ ಕೈಯಾಗಿಂದ ನಮ್ಮ ಕೈಗೆ ಬಂತು. ಕೇಳೋರಿಗೆ ಗೊತ್ತಿದ್ದರ.

ಮಾಸ್ತರು: ನಿಮ್ಮ ತಾಂಡಾದ ಮಾತು ಹೇಳು. ಹಕ್ಕುಪತ್ರ ಬಂತಲ್ಲ.

ವಕೀಲೆ: ನಮ್ಮಜ್ಜನ ಅಜ್ಜ ಅಲ್ಲೇ ಮನಿ ಕಟ್ಟಿದವ. ಕಂದಾಯ ನಕಾಶಾದಾಗ ನಮ್ಮ ತಾಂಡಾ ಇರಲೇ ಇಲ್ಲ. ಮನಿ ಇತ್ತು, ವೋಟು ಇತ್ತು, ಸೇವಾಲಾಲರ ಗುಡಿ ಇತ್ತು, ಊರು ಇರಲಿಲ್ಲ. ಸಾಲ ಕೇಳಿದರ ಬ್ಯಾಂಕಿನವರು ಮನಿ ಕಾಗದ ತಗೊಂಡು ಬಾ ಅಂತಿದ್ದರು. ಆಮ್ಯಾಲ ತಾಂಡಾ, ಹಟ್ಟಿಗಳನ್ನ ಕಂದಾಯ ಗ್ರಾಮ ಮಾಡೋ ಕಾನೂನು ಬಂತು. 2023ರ ಜನವರಿ 19ಕ್ಕ ಮಳಖೇಡದಾಗ ಪ್ರಧಾನಿ ಬಂದು ಐದು ಜಿಲ್ಲಾದ 50,000ಕ್ಕೂ ಹೆಚ್ಚು ಲಂಬಾಣಿ ಕುಟುಂಬಗಳಿಗೆ ಹಕ್ಕುಪತ್ರ ಕೊಡೋ ಕಾರ್ಯಕ್ರಮ ಆಯ್ತು. ಯಾವ ಪಕ್ಷ ಏನು ಲಾಭ ತಗೊಂತು ಅನ್ನೋದು ಬ್ಯಾರೆ ಮಾತು. ನಮ್ಮಪ್ಪ ಆ ಕಾಗದ ದಿಂಬಿನ ಕೆಳಗ ಇಟ್ಕೊಂಡು ಮಲಗ್ಯಾನ. ಪ್ಯಾರಿಸ್ಸಿನ ಘೋಷಣೆಯಾಗ ಮನಿ ಹಕ್ಕು ಬರದು 75 ವರ್ಷ ಆಗಾಕ ಬಂದಿತ್ತು. ನಮ್ಮಪ್ಪಗ ಅದು ಮುಟ್ಟಿದ್ದು ಸರ್ವೆ ನಂಬರ್ ಆಗಿ.

ಮಾಸ್ತರು: ಆದರೂ ನಿಮ್ಮ ತಾಂಡಾದಾಗ ಸುಗ್ಗಿ ಮುಗಿದ ಮ್ಯಾಲ ಮನಿಗಳಿಗೆ ಕೀಲಿ ಬೀಳ್ತದ.

ವಕೀಲೆ: ಬೀಳ್ತದ. ಮುಂಬೈ, ಪುಣೆ, ಹೈದರಾಬಾದಿಗೆ ಹೋಗ್ತಾರ. ಮಕ್ಕಳೂ ಹೋಗ್ತಾವ, ಸಾಲಿ ಬಿಡ್ತಾವ. ಮನಿ ಹಕ್ಕು ಬಂತು, ಆ ಮನಿಯಾಗ ವರ್ಷಪೂರ್ತಿ ಇರೋವಷ್ಟು ಕೂಲಿ ಊರಾಗ ಬರಲಿಲ್ಲ. ನಂಜುಂಡಪ್ಪ ಸಮಿತಿ 2002ರಾಗೇ ಚಿಂಚೋಳಿ, ಸೇಡಂ, ಚಿತ್ತಾಪುರ ಮೂರನ್ನೂ ಅತ್ಯಂತ ಹಿಂದುಳಿದ 39 ತಾಲೂಕಿನಾಗ ಎಣಿಸಿತ್ತು. ಆಮ್ಯಾಲ ನಮ್ಮ ಭಾಗಕ್ಕ ಸಂವಿಧಾನದ 371(ಜೆ) ವಿಧಿ ಬಂತು. ಅದಕ್ಕ ವರ್ಷಾನುಗಟ್ಟಲೆ ಹೋರಾಡಿದ ವೈಜನಾಥ ಪಾಟೀಲರು ನಮ್ಮ ಚಿಂಚೋಳಿಯ ಶಾಸಕರಾಗಿದ್ದವರು. ಕಲಿತವರಿಗೆ ಅದರಿಂದ ಸೀಟು, ನೌಕರಿ ಸಿಕ್ಕಾವ. ನನಗೂ ಲಾ ಸೀಟು ಹಂಗೇ ಸಿಕ್ಕಿದ್ದು. ಕಲಿಯೋ ಮೊದಲೇ ಸಾಲಿ ಬಿಟ್ಟ ಮಗುವಿಗೆ 371(ಜೆ) ಏನು ಮಾಡ್ತದ?

ಮಾಸ್ತರು: ಈಗ ಮುಂದಿನ ಮಾತು. ಹುಡುಗರು ಕೇಳೋದು ಅದನ್ನೇ. ಹಳೇ ಹಕ್ಕುಗಳೇ ಪೂರ್ತಿ ಮುಟ್ಟಿಲ್ಲ, ಹೊಸ ಘೋಷಣೆ ಬರ್ತಾನೇ ಅವ. 2018ರಾಗ ರೈತರ ಹಕ್ಕಿಂದು, 2022ರಾಗ ಶುದ್ಧ ಪರಿಸರದ್ದು.

ವಕೀಲೆ: 2022ರ ಜುಲೈ 28ರ ನಿರ್ಣಯಕ್ಕ ಪರ 161, ವಿರೋಧ ಇಲ್ಲ, ತಟಸ್ಥ ಮತ್ತ 8. ಭಾರತ ಪರ ಕೈ ಎತ್ತಿತು. ವಾಡಿ, ಶಹಾಬಾದ್, ಸೇಡಂ ಸುತ್ತಮುತ್ತ ನೆಲದೊಳಗ ಸುಣ್ಣಕಲ್ಲು, ಮ್ಯಾಲ ಸಿಮೆಂಟ್ ಕಾರ್ಖಾನಿ. ಊರಿಗೆ ಅನ್ನ ಕೊಟ್ಟಾವ, ಖರೇ. ಒಣ ಹಾಕಿದ ಬ್ಯಾಳಿ ಮ್ಯಾಲ ಬೂದಿ ಕೂತಿರ್ತದ, ಅದೂ ಖರೇ. ಮನಿಯಾಕಿ ಯಾರನ್ನ ಕೇಳಬೇಕು? ಕಾರ್ಖಾನಿಯವರು ಮಾಪನ ಬರೋಬ್ಬರಿ ಅದ ಅಂತಾರ, ಮಂಡಳಿಯವರು ವರದಿ ಬಂದದ ಅಂತಾರ. ನಿರ್ಣಯದಾಗ ಅಂಗಳಕ್ಕ ಬಂದು ಧೂಳು ಅಳೆಯೋ ಮನುಷ್ಯನ ಹೆಸರಿಲ್ಲ.

ಮಾಸ್ತರು: ಧೂಳು ಕಣ್ಣಿಗಾದರೂ ಕಾಣ್ತದ. ನನಗ ಹೆಚ್ಚು ಚಿಂತಿ ಹಚ್ಚಿದ್ದು ಯಂತ್ರ. ನಮ್ಮ ಓಣಿಯಾಗ ಪರಸಿ ಕಲ್ಲಿನ ಖಣಿಯಾಗ ಜೀವಮಾನ ದುಡಿದವರು ಅದಾರ. ಸುತ್ತಿಗಿ, ಉಳಿ ಹಿಡಿದು ಬೆರಳ ಗೆರಿ ಸವೆದು ಹೋಗ್ಯಾವ. ರೇಷನ್ ಅಂಗಡಿಯಾಗ ಬೆರಳು ಇಟ್ಟರ ಯಂತ್ರ ಗುರುತು ಹಿಡಿಯಂಗಿಲ್ಲ. ಒರೆಸಿ ಇಡು, ಇನ್ನೊಂದು ಬೆರಳು ಇಡು, ನಾಳಿ ಬಾ. ಅಂಗಡಿಯವ ನನ್ನ ಕೈಯಾಗ ಏನೂ ಇಲ್ಲ ಅಂತಾನ, ಸುಳ್ಳಲ್ಲ. ಸನ್ನತಿಯ ಕಲ್ಲಿನಾಗ ಬರದ ದೋಷ ಒಂದೂ ಆ ಯಂತ್ರಕ್ಕಿಲ್ಲ. ಅದಕ್ಕ ಸಿಟ್ಟಿಲ್ಲ, ದಣಿವಿಲ್ಲ. ಆದರೂ ಅಕ್ಕಿ ಸಿಗಲಿಲ್ಲ. ಯಾರನ್ನ ಬೈಬೇಕು?

ವಕೀಲೆ: ಅಲ್ಲೇ ಮುಂದಿನ ಘೋಷಣೆ ಹುಟ್ಟಬೇಕಾದ್ದು ಸರ್. ಆಧಾರ್ ಪ್ರಶ್ನೆ ಮಾಡಿ ಸುಪ್ರೀಂ ಕೋರ್ಟಿಗೆ ಹೋದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ಕ್ಕ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಕ್ಕೊರಲಿನಿಂದ ಹೇಳಿದ್ದು ಅವರ ಕೇಸಿನಾಗೇ. ದೊಡ್ಡ ತೀರ್ಪು. ಆದರ ಖಣಿಯ ಮುದುಕಗ ಬೇಕಾದ್ದು ಅದರ ಮುಂದಿನ ಸಾಲು: ಯಂತ್ರ ಇಲ್ಲ ಅಂದಾಗ ಹೌದು ಅನ್ನೋ ಅಧಿಕಾರ ಇರೋ ಒಬ್ಬ ಮನುಷ್ಯ ಅದೇ ದಿನ, ಅದೇ ಊರಾಗ ಸಿಗಬೇಕು. ಲೆಕ್ಕ ಮಾಡೋ ಯಂತ್ರಗಳು ಸಾಲ, ಪಿಂಚಣಿ, ಬೆಳಿವಿಮಾ ಎಲ್ಲಾ ತೀರ್ಮಾನ ಮಾಡೋ ಕಾಲ ಬರಾಕತ್ತದ. 'ನನಗ ಯಾಕ ಇಲ್ಲ ಅಂದಿರಿ' ಅಂತ ಕೇಳಿ ಮನುಷ್ಯರಿಂದ ಉತ್ತರ ಪಡಿಯೋ ಹಕ್ಕು ಬರೀದಿದ್ದರ ಹಿಂದಿನ 30 ವಿಧಿನೂ ಸಡಿಲ ಆಗ್ತಾವ.

ಮಾಸ್ತರು: ಭಾಷಣ ಸಿಕ್ಕಿತಲ್ಲ.

ವಕೀಲೆ: ಭಾಷಣ ಬ್ಯಾಡ ಅನಸಾಕತ್ತದ್ರಿ. ಹುಡುಗರಿಗೆ ಒಂದೊಂದು ಹಾಳಿ ಕೊಡ್ತೀನಿ. ತಮ್ಮ ಮನಿಗೆ ಮುಟ್ಟದ ಒಂದು ಹಕ್ಕು ಬರೀಬೇಕು. ಅದರ ಕೆಳಗ ಅದಕ್ಕ ಹೊಣೆ ಯಾವ ಕಚೇರಿ, ಎಷ್ಟು ದಿನ, ಆಗದಿದ್ದರ ಯಾರಿಗೆ ಮೇಲ್ಮನವಿ. ಗೊತ್ತಿಲ್ಲದ್ದನ್ನ ಎಲ್ಲಾರೂ ಕೂಡಿ ಹುಡುಕಬೇಕು.

ಮಾಸ್ತರು: ಓದಿ ಕೇಳಿಸೋದು ಬಿಡಬ್ಯಾಡ. 2023ರ ಸೆಪ್ಟೆಂಬರ್ 15ಕ್ಕ ರಾಜ್ಯದ ತುಂಬ ಸಂವಿಧಾನದ ಪೀಠಿಕೆ ಓದಿಸಿದರಲ್ಲ, ನಮ್ಮ ಓಣಿಯ ಕೂಲಿಯವರೂ ನಿಂತು ದನಿಗೂಡಿಸಿದರು. ಅಕ್ಷರ ಬಾರದವರಿಗೆ ಘೋಷಣೆ ಮುಟ್ಟೋದು ಕಿವಿಯಿಂದಲೇ. ಆದರ ಪೀಠಿಕೆ ಆದ ಮ್ಯಾಲ ಒಂದು ಕಾಯ್ದೆನೂ ಓದ್ರಿ. ಯಾವುದರಿಂದ ಶುರು ಮಾಡ್ತಿ?

ವಕೀಲೆ: ಹಕ್ಕು ಖುಲಾಸೆಯಿಂದ. ಖುಲಾಸೆ ಪತ್ರಕ್ಕ ಹೆಬ್ಬೆಟ್ಟು ಒತ್ತೋ ಮೊದಲು ಆ ಹೆಣ್ಮಗಳನ್ನ ಅಣ್ಣನಿಂದ ಐದು ನಿಮಿಷ ಬ್ಯಾರೆ ಕೂಡಿಸಿ, ನಿನಗ ಹುಟ್ಟಿನಿಂದ ಇಷ್ಟು ಪಾಲು ಅದ, ಕೊಡಲೇಬೇಕಂತಿಲ್ಲ ಅಂತ ಒಬ್ಬ ವಕೀಲರು ಓದಿ ಹೇಳಬೇಕು. ಹೆಂಗಸರಿಗೆ ಆದಾಯ ನೋಡದ ಉಚಿತ ಕಾನೂನು ನೆರವು ಕೊಡಬೇಕು ಅಂತ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಾಗೇ ಅದ. ಹೊಸದು ಏನೂ ಬ್ಯಾಡ. ಬಿಟ್ಟುಕೊಡೋಳು ಬಿಟ್ಟುಕೊಡಲಿ, ಗೊತ್ತಿದ್ದು ಬಿಟ್ಟುಕೊಡಲಿ.

ಮಾಸ್ತರು: ಅಣ್ಣತಮ್ಮರು ಸಿಟ್ಟಿಗೇಳ್ತಾರ. ನಿನ್ನ ಹತ್ತಿರ ಕೇಸು ತರಂಗಿಲ್ಲ.

ವಕೀಲೆ: ತರಬ್ಯಾಡ್ರಿ. ಅಕ್ಕತಂಗೇರು ಬರ್ತಾರ. ಅರ್ಜಿ ನೀವು ಬರದು ಕೊಡ್ರಿ ಸರ್, ನಿಮ್ಮ ಕನ್ನಡ ಛಲೋ ಅದ. ಸಹಿ ನಾನು ಹಾಕ್ತೀನಿ.

ಮಾಸ್ತರು: ಯಾರ ಹೆಸರಿಗೆ ಬರೀಲಿ?

ವಕೀಲೆ: ಅಧ್ಯಕ್ಷರು, ತಾಲೂಕು ಕಾನೂನು ಸೇವೆಗಳ ಸಮಿತಿ, ಸೇಡಂ. ಒಂದು ಪ್ರತಿ ಉಪನೋಂದಣಾಧಿಕಾರಿಗಳಿಗೆ. ಕೆಳಗ ಬರೀರಿ, ಮೂವತ್ತು ದಿನದೊಳಗ ಲಿಖಿತ ಉತ್ತರ ಬೇಕು ಅಂತ.